ಮಾತಾಡದ ಹವಾಲ್ದಾರನಿಗೆ ಒಂದು ಕುಂದು ಹುಡುಕಿದ್ದು

ಪುಣೆಯ ಬಾಣೇರ್‌ನಲ್ಲಿರುವ ಒಂದು ಚಿಕ್ಕ ಗೇಮ್ ಸ್ಟುಡಿಯೋದಲ್ಲಿ ನಾನು ಕಥೆ ಬರೆಯುತ್ತೇನೆ. ಗೇಮ್‌ಗೆ ಕಥೆ ಬರೆಯೋದು ಅಂದರೆ ಹೆಚ್ಚಿನ ದಿನ ಎಕ್ಸೆಲ್ ಶೀಟ್ ತುಂಬೋದು. ಊರಿನಲ್ಲಿ, ಗೋಕಾಕ್ ಕಡೆ, ಯಾರಾದರೂ ಕೇಳಿದರೆ "ಕಂಪ್ಯೂಟರ್ ಕೆಲಸ" ಅಂದು ಸುಮ್ಮನಾಗುತ್ತೇನೆ. ಪುಣೆಯಲ್ಲಿ ಅಷ್ಟು ಕಷ್ಟವಿಲ್ಲ. 2020ರಲ್ಲಿ ಬಂದ 'ರಾಜಿ' ಆಟ ಮಾಡಿದ ನಾಡಿಂಗ್ ಹೆಡ್ಸ್ ತಂಡ ಇದೇ ಊರಿನದು. ಹಾಗಾಗಿ ಇಲ್ಲಿ ಗೇಮ್ ಮಾಡ್ತೀವಿ ಅಂದರೆ ಯಾರೂ ವಿಚಿತ್ರವಾಗಿ ನೋಡೋದಿಲ್ಲ.

ನಮ್ಮ ಈಗಿನ ಆಟ ಹಿಮದ ಮೇಲಿನ ಒಂದು ಸೇನಾ ಪೋಸ್ಟಿನದು. ಜಾಗ ಕಲ್ಪನೆಯದು, ಮಾದರಿ ಸಿಯಾಚಿನ್. ನಾಯಕ ಒಬ್ಬ ಹವಾಲ್ದಾರ. ಸೆಕ್ಷನ್ ಕಮಾಂಡರ್, ಅಂದರೆ 10 ಜನರ ಗುಂಪಿನ ಮುಖ್ಯಸ್ಥ. ಅವನ ಬಗ್ಗೆ ನನ್ನ ಕೈಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟು: ಮಾತಾಡಲ್ಲ, ನಗಲ್ಲ, ಗುರಿ ತಪ್ಪಲ್ಲ. ಆಳ ಇರಲಿ ಅಂತ ಒಂದು ಹಳೆಯ ದುಃಖ ಬೇರೆ. ಹೆಂಡತಿ ಸತ್ತಿದ್ದಾಳೆ. ಹಳದಿ ಬೆಳಕಿನಲ್ಲಿ ಅವಳು ನಗುವ ಫ್ಲ್ಯಾಶ್‌ಬ್ಯಾಕ್.

ಮೊದಲು ಹೊಡೆದು ಹಾಕಿದ್ದು ಆ ಫ್ಲ್ಯಾಶ್‌ಬ್ಯಾಕನ್ನು. ದುಃಖ ಅನ್ನೋದು ಕುಂದಲ್ಲ. ಅದು ಅವನಿಗೆ ಆಗಿದ್ದು, ಅವನು ಮಾಡಿದ್ದಲ್ಲ. ಪಾಪ ಅನಿಸಬಹುದು, ಅಷ್ಟೇ. ಮೇಲಾಗಿ ಅದು ಕಟ್‌ಸೀನ್‌ನಲ್ಲಿ, ಅಂದರೆ ಆಟದ ನಡುವೆ ಸಿನಿಮಾ ಥರ ಓಡುವ ದೃಶ್ಯದಲ್ಲಿ ಬರುತ್ತೆ, ಆಡುವವರು ಬಟನ್ ಒತ್ತಿ ದಾಟಿಸಿಬಿಡುತ್ತಾರೆ. ದಾಟಿಸಲು ಆಗದ ಜಾಗದಲ್ಲಿ ಅವನ ಸ್ವಭಾವ ಇರಬೇಕು ಅನ್ನೋದು ನನ್ನ ಹಟವಾಗಿತ್ತು. ಆ ಜಾಗ ಅಂದರೆ ಆಟವೇ.

ಬೇರೆಯವರು ಏನು ಮಾಡಿದ್ದಾರೆ ಅಂತ ಒಂದು ಸುತ್ತು ನೋಡಿದೆ. 1998ರ 'ಹಾಫ್-ಲೈಫ್'ನಲ್ಲಿ ಗಾರ್ಡನ್ ಫ್ರೀಮನ್ ಒಂದು ಮಾತೂ ಆಡಲ್ಲ. ಅವನು ಸೈನಿಕನಲ್ಲ ಬಿಡಿ, ವಿಜ್ಞಾನಿ. ಆ ಮೌನ ನಡೆಯುತ್ತೆ, ಯಾಕಂದರೆ ಆ ಖಾಲಿ ಜಾಗದಲ್ಲಿ ಆಡುವವರೇ ಹೋಗಿ ಕೂತುಕೊಳ್ಳುತ್ತಾರೆ. 'ಹೇಲೋ' ಆಟದ ಸೈನಿಕ ಮಾಸ್ಟರ್ ಚೀಫ್ ಬೇರೆ ಥರ. 2001ರಿಂದ ಹೆಲ್ಮೆಟ್ಟಿನ ಒಳಗೇ ಇದ್ದಾನೆ, ಮಾತು ಕಮ್ಮಿ. 2012ರ 'ಹೇಲೋ 4'ರಲ್ಲಿ ಅವನ ಜೊತೆಗಾತಿ, ಕಾರ್ಟಾನಾ ಅನ್ನೋ ಎಐ, ಅವಳ ಬುದ್ಧಿ ಕೆಡುತ್ತಾ ಬರುತ್ತೆ. ಅದನ್ನು ಅವನು ಬಂದೂಕಿನಿಂದ ಸರಿ ಮಾಡಲಾರ. ಗಟ್ಟಿ ಆಳಿನ ಎದುರು ಅವನ ಕಸುಬಿಗೆ ಬಗ್ಗದ ಸಮಸ್ಯೆ ಇಡಬೇಕು ಅನ್ನೋದು ಅಲ್ಲಿ ಸಿಕ್ಕಿತು. ಅದೇ ವರ್ಷ ಬಂದ 'ಸ್ಪೆಕ್ ಆಪ್ಸ್: ದಿ ಲೈನ್' ಇನ್ನೂ ಮುಂದೆ ಹೋಗುತ್ತೆ. ದುಬೈನ ಮರಳಿನಲ್ಲಿ ನಿಮ್ಮ ಕೈಯಿಂದಲೇ ಜನರ ಮೇಲೆ ಮೈ ಸುಡುವ ಬಿಳಿ ರಂಜಕ ಹಾಕಿಸುತ್ತೆ, ಆಮೇಲೆ ಸತ್ತವರನ್ನು ತೋರಿಸುತ್ತೆ. ದೊಡ್ಡ ಕೆಲಸ. ಆದರೂ ನನಗೆ ಅದರ ಮೇಲೆ ಒಂದು ತಕರಾರಿದೆ. ಬೇರೆ ದಾರಿ ಕೊಡದೆ ಮಾಡಿಸಿ, ನೀನೇ ಮಾಡಿದ್ದು ಅಂದರೆ ಹೇಗೆ? ನನ್ನ ಹವಾಲ್ದಾರನ ತಪ್ಪನ್ನು ಆಡುವವರು ಯಾರ ಬಲವಂತವೂ ಇಲ್ಲದೆ, ಖುಷಿಯಾಗಿ, ತಾವೇ ಮಾಡಬೇಕು ಅಂತ ಅಂದುಕೊಂಡೆ.

ಪುಣೆಯಲ್ಲಿ ಮಿಲ್ಟ್ರಿಯವರನ್ನು ಹುಡುಕಲು ದೂರ ಹೋಗಬೇಕಿಲ್ಲ. ಸದರ್ನ್ ಕಮಾಂಡ್ ಮುಖ್ಯ ಕಚೇರಿ ಇಲ್ಲೇ, ಸೇನೆಯ ಎಂಜಿನಿಯರ್ ಪಡೆ ಬಾಂಬೆ ಸ್ಯಾಪರ್ಸ್‌ನ ಕೇಂದ್ರ ಖಡ್ಕಿಯಲ್ಲಿ, ಸೇನಾ ಅಧಿಕಾರಿಗಳಾಗುವವರು ಕಲಿಯುವ ಎನ್‌ಡಿಎ ಅಕಾಡೆಮಿ ಖಡಕ್‌ವಾಸ್ಲಾದಲ್ಲಿ. ಖಡ್ಕಿಯಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಸುಬೇದಾರರ ಪರಿಚಯ ಕನ್ನಡದವರ ಮೂಲಕ ಆಯಿತು. ಬೆಳಗಾವಿ ಜಿಲ್ಲೆಯವರು, ಹಿಮದ ಮೇಲೆ ಪಾಳಿ ಮಾಡಿ ಬಂದವರು. ನಾನು ಕಾಕಾ ಅಂತಲೇ ಕರೆಯುತ್ತೇನೆ. ಭಯ, ಶೌರ್ಯ ಅಂತ ಕೇಳಿದರೆ ಅವರು ಬಾಯಿ ಬಿಡಲ್ಲ. ಶೂ ಬಗ್ಗೆ, ಸ್ಟೋವ್ ಬಗ್ಗೆ, ಹಗ್ಗದ ಬಗ್ಗೆ ಕೇಳಿದರೆ ಚಹಾ ಆರಿದರೂ ಮಾತು ನಿಲ್ಲಲ್ಲ.

ಹಗ್ಗದಿಂದಲೇ ನನ್ನ ಗಂಟು ಬಿಚ್ಚಿತು. ಹಿಮನದಿಯ ಮೇಲೆ ಗಸ್ತು ಹೋಗುವಾಗ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಸಾಲಾಗಿ ನಡೆಯುತ್ತಾರೆ. ಮೇಲೆ ಹಿಮ ಗಟ್ಟಿಯಾಗಿ ಕಾಣುತ್ತೆ, ಕೆಳಗೆ ಆಳವಾದ ಬಿರುಕು ಇರಬಹುದು. ಒಬ್ಬ ಬಿದ್ದರೆ ಉಳಿದವರು ಹಿಡಿದು ನಿಲ್ಲಿಸಬೇಕು.

"ಮುಂದ ಇರಾಂವ ಕೋಲಿಂದ ಹಿಮ ಚುಚ್ಚಿಕೋತ ಹೋಗಬೇಕವ್ವಾ," ಅಂದರು ಕಾಕಾ. "ಕೋಲು ಸರಕ್ಕನ ಒಳಗ ಹೋತಂದ್ರ ಕೆಳಗ ಏನೂ ಇಲ್ಲಂತ ತಿಳಕೋಬೇಕು. ನಮ್ಮ ಒಬ್ಬ ಹವಾಲ್ದಾರ ಇದ್ದ. ಯಾವಾಗ್ಲೂ ತಾನ ಮುಂದ. ನಾವೆಲ್ಲ ದೇವರಂಗ ನೋಡ್ತಿದ್ವಿ. ಅವ ಜಡ್ಡು ಬಿದ್ದು ಕೆಳಗ ಹೋದ ಮ್ಯಾಲ ಗೊತ್ತಾತು ನೋಡು. ಕೋಲು ಹಿಡಿಯಾಕ ಎಲ್ಲಾರಿಗೂ ಬರ್ತಿತ್ತು, ಟ್ರೇನಿಂಗಿನ್ಯಾಗ ಕಲಿಸಿದ್ರು. ಮುಂದ ನಿಲ್ಲಾಕ ಯಾರಿಗೂ ಎದಿ ಇರಲಿಲ್ಲ."

ಅವರು ಆ ಹವಾಲ್ದಾರನನ್ನು ಬಯ್ಯಲಿಲ್ಲ. ಇಂದಿಗೂ ಹೊಗಳುತ್ತಾರೆ. ನನಗೆ ಬೇಕಿದ್ದದ್ದು ಅದೇ. ಅವನ ಗುಣ ಮತ್ತು ಅವನ ಕುಂದು ಎರಡೂ ಒಂದೇ. ತನ್ನವರಿಗೆ ಏನೂ ಆಗಬಾರದು ಅಂತ ಎಲ್ಲವನ್ನೂ ತಾನೇ ಮಾಡುತ್ತಾನೆ. ಅದರಿಂದ ತನ್ನವರನ್ನೇ ಕೈಲಾಗದವರನ್ನಾಗಿ ಮಾಡುತ್ತಾನೆ.

ಇದರಲ್ಲಿ ಇನ್ನೊಂದು ಲಾಭ ಇತ್ತು, ಅದು ಕಣ್ಣಿಗೆ ಬಿದ್ದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಶೂಟರ್ ಆಟ ಆಡುವವರೆಲ್ಲ ಮಾಡೋದು ಇದನ್ನೇ ಅಲ್ವಾ? ಜೊತೆಯ ಸೈನಿಕರನ್ನು ಹಿಂದೆ ಬಿಟ್ಟು ತಾವೇ ನುಗ್ಗುತ್ತಾರೆ. ಅವರಿಗೆ ನಾನು ಕುಂದು ಕಲಿಸಬೇಕಿಲ್ಲ, ಹೊತ್ತುಕೊಂಡೇ ಬಂದಿರುತ್ತಾರೆ.

ಹಾಗಾಗಿ ಪ್ರತಿ ಗಸ್ತಿನ ಮೊದಲು ಒಂದು ಆಯ್ಕೆ ಇಟ್ಟೆವು. ಹಗ್ಗದ ಮುಂದೆ ಯಾರು? ಹವಾಲ್ದಾರ ನಿಂತರೆ ಬೇಗ ತಲುಪುತ್ತೀರಿ, ಅಪಾಯ ಕಮ್ಮಿ. ಹೊಸ ಹುಡುಗನನ್ನು ನಿಲ್ಲಿಸಿದರೆ ನಿಧಾನ, ಅವನು ತಪ್ಪು ಕಡೆ ಚುಚ್ಚುತ್ತಾನೆ, ಕತ್ತಲಾಗುತ್ತೆ, ಬೆರಳು ಮರಗಟ್ಟುತ್ತೆ. ಕುಂದು ಲಾಭದಾಯಕವಾಗಿರಬೇಕು, ಇಲ್ಲದಿದ್ದರೆ ಯಾರೂ ಅದರ ಬಲೆಗೆ ಬೀಳಲ್ಲ. ಆಟದ ಕೊನೆಯ ಭಾಗದಲ್ಲಿ ಹವಾಲ್ದಾರನ ಕಾಲಿಗೆ ಪೆಟ್ಟಾಗುತ್ತೆ. ಆಗ ಮುಂದೆ ನಿಲ್ಲಬೇಕಾದವನು ಆ ಹುಡುಗ. ನೀವು ಕಲಿಸಿದ್ದರೆ ನಡೆಯುತ್ತಾನೆ. ಇಲ್ಲದಿದ್ದರೆ ನಿಂತಲ್ಲೇ ನಿಂತುಬಿಡುತ್ತಾನೆ.

ಪ್ರೊಡ್ಯೂಸರ್ ಒಪ್ಪಲು ಸಮಯ ಹಿಡಿಯಿತು. ಸಿಯಾಚಿನ್‌ನಲ್ಲಿ 1984ರಿಂದ ಸೇನೆ ಇದೆ, ಅಲ್ಲಿ ಗುಂಡಿಗಿಂತ ಹಿಮವೇ ಜಾಸ್ತಿ ಜೀವ ತೆಗೆದಿದೆ, 2003ರ ಕದನ ವಿರಾಮದ ನಂತರವೂ ಹಿಮಕುಸಿತದಲ್ಲಿ ಸೈನಿಕರು ಸತ್ತಿದ್ದಾರೆ ಅಂತ ಹೇಳಿದ ಮೇಲೆ ಗುಂಡಿನ ಸದ್ದು ಕಮ್ಮಿ ಮಾಡಲು ಒಪ್ಪಿದರು. ಹುಡುಗನನ್ನು ಸಾಯಿಸೋಣ, ಪರಿಣಾಮ ಜೋರಾಗಿರುತ್ತೆ ಅಂದರು. ನಾನು ಬೇಡ ಅಂದೆ. ಹುಡುಗ ಸತ್ತರೆ ಮತ್ತೆ ಹವಾಲ್ದಾರನ ದುಃಖದ ಕಥೆಯಾಗುತ್ತೆ. ಬದುಕಿದ್ದು, ಎಲ್ಲರ ಮುಂದೆ ಹೆದರಿ ನಿಂತರೆ ಅದಕ್ಕೆ ಹವಾಲ್ದಾರ ಉತ್ತರ ಕೊಡಬೇಕಾಗುತ್ತೆ.

ಪ್ಲೇಟೆಸ್ಟ್‌ಗೆ, ಅಂದರೆ ಆಟವನ್ನು ಆಡಿ ನೋಡಿ ಹೇಳಲು ಬಂದವರಿಗೆ ಮೊದಲಿಗೆ ಇದು ಯಾವುದೂ ಕಾಣಲಿಲ್ಲ. ಹುಡುಗ ನಿಂತುಬಿಟ್ಟಾಗ "ಬಗ್ ಇದೆ, ಎಐ ಸಿಕ್ಕಿಹಾಕಿಕೊಂಡಿದೆ" ಅಂತ ಬರೆದುಕೊಟ್ಟರು. ಆಟದಲ್ಲಿ ಇದೊಂದು ಪೇಚು. ಕುಂದು ಬೆಳೆಯೋದು ಕಾಣದಿದ್ದರೆ ಅದು ಕಂಪ್ಯೂಟರಿನ ತಪ್ಪಾಗುತ್ತೆ. ಅಲ್ಲಿಂದ ನನ್ನ ಶೀಟಿನ ಕೆಲಸ ಶುರು. ಓಡಾಟದ ನಡುವೆ ಪಾತ್ರಗಳು ಕೂಗುವ ತುಂಡು ಮಾತಿಗೆ ನಾವು ಬಾರ್ಕ್ ಅಂತೀವಿ. ಗುಂಡು ತುಂಬುವಾಗ ಒಂದು, ಯಾರಾದರೂ ಬಿದ್ದಾಗ ಒಂದು, ಪ್ರತಿಯೊಂದಕ್ಕೂ ಹಲವು ಬಗೆ, ಬೇಗ ಬೇಗ ಮರುಕಳಿಸದಂತೆ ನಡುವೆ ಅಂತರ. ಹವಾಲ್ದಾರನ ಬಾರ್ಕ್‌ಗಳನ್ನು ಕಡಿದು ಹಾಕಿದೆ, ಹುಡುಗನದನ್ನು ಹೆಚ್ಚಿಸಿದೆ. ಮೊದಲ ಗಸ್ತಿನಲ್ಲಿ ಹುಡುಗ "ಸಾಬ್, ನಾನು ಮುಂದೆ ಹೋಗ್ಲಾ?" ಅಂತ ಕೇಳುತ್ತಾನೆ. ನೀವೇ ಹೋಗುತ್ತಾ ಇದ್ದರೆ, ಆಮೇಲೆ "ನೀವೇ ಹೋಗ್ತೀರಲ್ವಾ ಸಾಬ್?" ಅನ್ನುತ್ತಾನೆ. ಕೊನೆಗೆ ಕೇಳೋದನ್ನೇ ಬಿಡುತ್ತಾನೆ. ಕೋಲನ್ನು ಸುಮ್ನೆ ನಿಮ್ಮ ಕೈಗೆ ಕೊಡುತ್ತಾನೆ. ಇದಾದ ಮೇಲೆ ಬಗ್ ಅಂತ ಬರೆಯುವವರು ಕಮ್ಮಿಯಾದರು. ಒಬ್ಬ ಹುಡುಗನಂತೂ ಹೆಡ್‌ಫೋನ್ ತೆಗೆದಿಟ್ಟು "ಇದು ನನ್ನಿಂದ ಆಯ್ತಾ?" ಅಂತ ಕೇಳಿದ. ಸಂಬಳಕ್ಕಿಂತ ಒಳ್ಳೆಯದು ಅದು. (ಸಂಬಳ ಅಷ್ಟೇನಿಲ್ಲ ಅನ್ನೋದು ಬೇರೆ ಮಾತು.)

ಹವಾಲ್ದಾರನ ಒಳಗಿರೋದು ಎಲ್ಲೋ ಒಂದು ಕಡೆ ಸೋರಬೇಕಿತ್ತು. ಮಾತಿನಲ್ಲಿ ಬೇಡ. ಆಟಗಾರರು ಏನೂ ಮಾಡದೆ ಬಿಟ್ಟಾಗ ಪಾತ್ರ ಸುಮ್ಮನೆ ನಿಂತು ಮಾಡುವ ಸಣ್ಣ ಚಲನೆಗಳಿರುತ್ತವೆ. ಸಾಮಾನ್ಯವಾಗಿ ಬಂದೂಕು ತಿರುವೋದು, ಕುತ್ತಿಗೆಯ ನೆಟಿಕೆ ಮುರಿಯೋದು. ನಮ್ಮವನು ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸುತ್ತಾನೆ. ನಮ್ಮ ಅಜ್ಜಿಯರು ಎಣಿಸುವ ಹಾಗೆ, ಒಂದು ಬೆರಳಿಗೆ ಮೂರು. ತನ್ನವರು ಎಲ್ಲ ಇದ್ದಾರಾ ಅಂತ ನೋಡುತ್ತಿದ್ದಾನೆ. ದಪ್ಪ ಕೈಗವಸು ಹಾಕಿದಾಗ ಇದು ಕಾಣಲ್ಲ ಅಂತ ಅನಿಮೇಟರ್ ತಲೆ ಚಚ್ಚಿಕೊಂಡ. ಹಾಗಾಗಿ ಬಂಕರಿನ ಒಳಗೆ, ಸ್ಟೋವ್ ಪಕ್ಕ ಮಾತ್ರ ಇಟ್ಟೆವು. ಆಟದಲ್ಲಿ ಎಲ್ಲೂ ಇದನ್ನು ವಿವರಿಸಿಲ್ಲ.

ಮೌನಕ್ಕೂ ಒಂದು ಕಾರಣ ಬೇಕು. 18,000 ಅಡಿಗೂ ಮೇಲೆ ಗಾಳಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧದಷ್ಟು. ಅಲ್ಲಿ ಉದ್ದ ವಾಕ್ಯ ಯಾರಿಂದಲೂ ಆಗಲ್ಲ. ದನಿ ಕೊಡಲು ಬಂದ ನಟ ಧಾರವಾಡ ಕಡೆಯವರು, ನಾಟಕದವರು. ಮೊದಲು ಎದೆಯಿಂದ ಗುಡುಗಿದರು. ಸ್ಟುಡಿಯೋದ ಮೆಟ್ಟಿಲು ಹತ್ತಿ ಇಳಿದು ಬಂದು ನೇರ ಮೈಕ್ ಮುಂದೆ ನಿಲ್ಲಿ ಅಂತ ಕೇಳಿಕೊಂಡೆ. ಬಯ್ದುಕೊಂಡೇ ಹತ್ತಿದರು. ಬಂದ ದನಿ ಬೇರೆಯೇ ಇತ್ತು. ಗತ್ತು ಹೋಗಿ, ಉಸಿರು ಉಳಿಸುವ ಮನುಷ್ಯ ಬಂದಿದ್ದ.

ಇಷ್ಟು ಮಾಡಿಯೂ ಅವನು ಕಲ್ಲಿನ ಹಾಗೆ ಕಾಣುತ್ತಿದ್ದ. ಅದಕ್ಕೆ ಫೋನ್ ಸೇರಿಸಿದೆ. ಹೆಂಡತಿಯನ್ನು ಬದುಕಿಸಿದೆ ಅನ್ನಿ! ಸೆಕ್ಷನ್ನಿನವರ ಜೊತೆ ಅವನು ಹಿಂದಿಯಲ್ಲಿ ಎರಡೆರಡು ಪದ ಆಡುತ್ತಾನೆ. ಮನೆಗೆ ಫೋನ್ ಹಚ್ಚಿದಾಗ ಕನ್ನಡ, ಅದೂ ನಮ್ಮ ಕಡೆಯದು, ಮತ್ತು ಬಾಯಿ ಮುಚ್ಚಲ್ಲ. ಎಮ್ಮೆ ಈಯಿತಾ, ಕಬ್ಬಿನ ಬಿಲ್ಲು ಬಂತಾ, ಮಾಳಿಗಿ ಸೋರ್ತೈತೇನು. ಕೇಳಿದ್ದಕ್ಕೆಲ್ಲ ಉತ್ತರವನ್ನೂ ತಾನೇ ಹೇಳುತ್ತಾನೆ. ಮಾಳಿಗೆಗೆ ಯಾರನ್ನು ಕರೆಯಬೇಕು, ಮಗನನ್ನು ಯಾವ ಕಾಲೇಜಿಗೆ ಹಾಕಬೇಕು, ಎಲ್ಲ ಹಿಮದ ಮೇಲಿಂದಲೇ ತೀರ್ಮಾನ. ಒಂದು ಫೋನ್‌ನಲ್ಲಿ ಹೆಂಡತಿ "ಮಾಳಿಗಿ ಹೋದ ತಿಂಗಳ ನಾನ ಮಾಡಿಸೇನ್ರೀ" ಅನ್ನುತ್ತಾಳೆ. ಅವನಿಗೆ ಏನು ಹೇಳಬೇಕೋ ತೋಚಲ್ಲ. ಆಟಗಾರರಿಗೆ ಮೂರು ಉತ್ತರ ಕೊಟ್ಟಿದ್ದೇವೆ. "ಎಷ್ಟು ಕೊಟ್ಟಿ?", "ಯಾರನ್ನ ಕೇಳಿ ಮಾಡಿಸಿದಿ?", "ಚಲೋ ಆತು". ಹೆಚ್ಚಿನವರು ಎರಡನೆಯದನ್ನು ಒತ್ತುತ್ತಾರೆ. ಹಗ್ಗದಲ್ಲಿ ಯಾವಾಗಲೂ ತಾವೇ ಮುಂದೆ ನಿಂತವರಂತೂ ಬಹುತೇಕ ಎಲ್ಲರೂ.

ಇದನ್ನು ಕಾಕಾಗೆ ತೋರಿಸಿದೆ. ಅವರಿಗೆ ಕಂಟ್ರೋಲರ್ ಹಿಡಿಯಲು ಬರಲಿಲ್ಲ, ಮೊಮ್ಮಗ ಆಡಿದ. ಶೂ ಲೇಸ್ ಕಟ್ಟಿದ್ದು ಸರಿ ಇಲ್ಲ ಅಂದರು, ಸರಿ ಮಾಡಿಸಿದೆವು. ಮಾಳಿಗೆಯ ಫೋನ್ ಬಂದಾಗ ಕಾಕಾ ಏನೂ ಅನ್ನಲಿಲ್ಲ. ಒಳಗಿನಿಂದ ಅವರ ಹೆಂಡತಿ, ಕಾಕೂ ಮಾತ್ರ ಜೋರಾಗಿ ನಕ್ಕರು.

ಹವಾಲ್ದಾರ ಕೊನೆಗೆ ಬದಲಾಗಬೇಕಾ ಅನ್ನೋದಕ್ಕೆ ತಂಡದಲ್ಲಿ ವಾದ ನಡೆಯಿತು. ಕ್ಷಮೆ ಕೇಳುವ ಒಂದು ಸೀನ್ ಬರೆಯಿರಿ ಅಂದರು. ಅಂಥವರು ಕ್ಷಮೆ ಕೇಳಲ್ಲ, ಇಪ್ಪತ್ತು ವರ್ಷದ ಅಭ್ಯಾಸ ಒಂದು ಸೀನ್‌ನಲ್ಲಿ ಹೋಗಲ್ಲ. ಕಾಲು ವಾಸಿಯಾದ ಮೇಲೆ ಇನ್ನೊಂದು ಗಸ್ತು ಇಟ್ಟಿದ್ದೇವೆ, ಅಷ್ಟೇ. ಹಗ್ಗದ ಆಯ್ಕೆ ಮತ್ತೆ ಬರುತ್ತೆ. ಮತ್ತೆ ತಾವೇ ಮುಂದೆ ಹೋಗುವವರು ಹೋಗಲಿ, ಆಟ ಬಯ್ಯಲ್ಲ.

ಈಗ ಪೋಸ್ಟರ್ ಬಂದಿದೆ. ಚೆನ್ನಾಗಿ ಬಿಡಿಸಿದ್ದಾರೆ. ಅದರಲ್ಲಿ ಹವಾಲ್ದಾರ ಬೆಟ್ಟದ ತುದಿಯಲ್ಲಿ ಒಬ್ಬನೇ ನಿಂತಿದ್ದಾನೆ, ಹಗ್ಗವೇ ಇಲ್ಲ. ಆ ಜಗಳ ಇನ್ನೂ ನಡೆದಿದೆ.