ಫ್ರಿಸ್ಕೋ ಸುತ್ತ ಮನೆ ನೋಡುವ ಮುನ್ನ: ಸ್ಕೂಲ್ ಡಿಸ್ಟ್ರಿಕ್ಟ್ ಅಳೆಯುವ ಬಗೆ

ಡಲ್ಲಾಸ್‌ನ ಉತ್ತರಕ್ಕೆ ಮನೆ ಹುಡುಕುವ ಕನ್ನಡದವರಿಗೆಲ್ಲ ಮೊದಲು ಸಿಗುವ ಉಪದೇಶ ಒಂದೇ: ‘ಫ್ರಿಸ್ಕೋ ಅಂದ್ರೆ ಕಣ್ಣು ಮುಚ್ಚಿ ತಗೊಳ್ಳಿ.’ ದಯವಿಟ್ಟು ಕಣ್ಣು ತೆರೆದೇ ತಗೊಳ್ಳಿ. ಫ್ರಿಸ್ಕೋ ಊರೇ ಬೇರೆ, ಫ್ರಿಸ್ಕೋ ಐಎಸ್‌ಡಿಯೇ ಬೇರೆ. ಐಎಸ್‌ಡಿ ಅಂದರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್. ಅದು ನಗರಸಭೆಯ ಅಧೀನದಲ್ಲಿಲ್ಲ. ಅದರ ಗಡಿ, ಚುನಾಯಿತ ಮಂಡಳಿ, ತೆರಿಗೆ ಎಲ್ಲವೂ ಪ್ರತ್ಯೇಕ. ಫ್ರಿಸ್ಕೋ ಊರಿನ ಕೆಲವು ಬಡಾವಣೆಗಳು ಪ್ರಾಸ್ಪರ್, ಲೂಯಿಸ್‌ವಿಲ್ ಅಥವಾ ಲಿಟಲ್ ಎಲ್ಮ್ ಐಎಸ್‌ಡಿಗೆ ಸೇರಿವೆ; ಪ್ಲೇನೋ, ಮೆಕಿನ್ನಿ ಊರುಗಳ ಕೆಲವು ಭಾಗ ಫ್ರಿಸ್ಕೋ ಐಎಸ್‌ಡಿಯಲ್ಲಿದೆ. ಜಿಪ್ ಕೋಡ್ ನೋಡಿ ತೀರ್ಮಾನಿಸಿದವರು ಮೋಸಹೋಗುವುದು ಇಲ್ಲಿಯೇ.

ಕಾಲಿನ್ ಅಥವಾ ಡೆಂಟನ್ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ (ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿ) ವೆಬ್‌ಸೈಟ್‌ನಲ್ಲಿ ಮನೆಯ ವಿಳಾಸ ಹಾಕಿ. ತೆರಿಗೆ ಪಡೆಯುವ ಸಂಸ್ಥೆಗಳ ಪಟ್ಟಿಯಲ್ಲಿ ಯಾವ ಐಎಸ್‌ಡಿ ಇದೆಯೋ ಅದೇ ನಿಮ್ಮದು. ಆಮೇಲೆ ಆ ಡಿಸ್ಟ್ರಿಕ್ಟ್‌ನ ವೆಬ್‌ಸೈಟ್‌ನಲ್ಲಿ ಅದೇ ವಿಳಾಸಕ್ಕೆ ಎಲಿಮೆಂಟರಿ, ಮಿಡ್ಲ್, ಹೈಸ್ಕೂಲ್ ಯಾವುದು ಎಂದು ನೋಡಿ. ಮನೆ ಮಾರುವ ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರು ಹಳೆಯದಿರಬಹುದು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ಅಂಕಗಳ ಮಾತು. ಶಾಲೆಗಳಿಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ವೆಬ್‌ಸೈಟ್‌ನ ಹತ್ತಕ್ಕೆ ಒಂಬತ್ತು ನೋಡಿ ಖುಷಿಪಡುವ ಮುನ್ನ ಒಂದು ಮಾತು: ಆ ಅಂಕ ಬಹಳಮಟ್ಟಿಗೆ ಪರೀಕ್ಷೆಯ ಫಲಿತಾಂಶದ ಮೇಲೆ ನಿಂತದ್ದು, ಫಲಿತಾಂಶವೋ ಅಪ್ಪ-ಅಮ್ಮಂದಿರ ಆದಾಯ, ಓದಿನ ಜೊತೆಗೆ ಏರುವಂಥದ್ದು. ಟೆಕ್ಸಸ್ ಸರ್ಕಾರ ಕೊಡುವ ಎ ಇಂದ ಎಫ್ ಗ್ರೇಡಿನ ಲೆಕ್ಕ ಬೇರೆ. ಮಕ್ಕಳ ಸಾಧನೆ ಮತ್ತು ಪ್ರಗತಿ, ಇವೆರಡರಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ 70 ಭಾಗ. ಬೇರೆಬೇರೆ ಗುಂಪಿನ ಮಕ್ಕಳ ನಡುವಿನ ಅಂತರ ಎಷ್ಟು ತಗ್ಗಿದೆ ಎಂಬುದಕ್ಕೆ 30. ಹಾಗಾಗಿ ಎರಡು ‘ಎ’ ಶಾಲೆಗಳು ಒಂದೇ ಥರ ಇರಬೇಕಿಲ್ಲ. ರಾಜ್ಯ ನಡೆಸುವ ಸ್ಟಾರ್ ಪರೀಕ್ಷೆಯ ಅಂಕಿಅಂಶ ಓದುವಾಗಲೂ ಹುಷಾರು. ‘ಅಪ್ರೋಚಸ್’ ಅಂದರೆ ಬರೀ ಪಾಸು. ಅದರ ಶೇಕಡಾ ಎಲ್ಲ ಕಡೆಯೂ ದೊಡ್ಡದಾಗಿಯೇ ಕಾಣುತ್ತದೆ. ನೋಡಬೇಕಾದ್ದು ಅದಕ್ಕಿಂತ ಮೇಲಿನ ಹಂತಗಳಾದ ‘ಮೀಟ್ಸ್’ ಮತ್ತು ‘ಮಾಸ್ಟರ್ಸ್’ ಕಾಲಂ.

ಇವೆಲ್ಲಕ್ಕಿಂತ ಹೆಚ್ಚು ಮಾತಾಡುವುದು ಟೆಕ್ಸಸ್ ಎಜುಕೇಶನ್ ಏಜೆನ್ಸಿ ಪ್ರತಿವರ್ಷ ಹೊರತರುವ ಟಿಎಪಿಆರ್ ವರದಿ. ಯಾರೂ ತೆರೆದು ನೋಡುವುದಿಲ್ಲ, ಅದು ಬೇರೆ ಮಾತು. ಶಿಕ್ಷಕರಲ್ಲಿ ಹೊಸಬರೆಷ್ಟು, ಅನುಭವಿಗಳೆಷ್ಟು, ಡಿಸ್ಟ್ರಿಕ್ಟ್ ಬಿಟ್ಟುಹೋದವರು ಶೇಕಡಾ ಎಷ್ಟು, ಒಂದೊಂದು ತರಗತಿಯಲ್ಲಿ ಮಕ್ಕಳೆಷ್ಟು ಎಲ್ಲವೂ ಅದರಲ್ಲಿದೆ. ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಕಿಂಡರ್‌ಗಾರ್ಟನ್‌ನಿಂದ ನಾಲ್ಕನೇ ಗ್ರೇಡ್‌ವರೆಗೆ ತರಗತಿಗೆ 22 ಮಕ್ಕಳ ಮಿತಿ ಕಾನೂನಿನಲ್ಲಿದ್ದರೂ ಡಿಸ್ಟ್ರಿಕ್ಟ್‌ಗಳು ವಿನಾಯಿತಿ ಕೇಳಿ ಪಡೆಯುತ್ತವೆ.

ಈ ಭಾಗದಲ್ಲಿ ಈಗ ದೊಡ್ಡ ಅಪಾಯ ಗ್ರೇಡಿನದ್ದಲ್ಲ, ಯಾವ ಮನೆ ಯಾವ ಶಾಲೆಗೆ ಎಂಬ ಗಡಿಯದ್ದು. ಹಳೆಯ ಬಡಾವಣೆಗಳಲ್ಲಿ ಮನೆ ದುಬಾರಿಯಾಗಿ, ಮಕ್ಕಳಿರುವ ಕಿರಿಯ ಸಂಸಾರಗಳು ಉತ್ತರಕ್ಕೆ ಸರಿದಿವೆ. ಪ್ಲೇನೋ ಐಎಸ್‌ಡಿ 2025ರಲ್ಲಿ ನಾಲ್ಕು ಶಾಲೆ ಮುಚ್ಚಿತು, ಲೂಯಿಸ್‌ವಿಲ್ ಐದು. ಫ್ರಿಸ್ಕೋ ಕೂಡ ಒಂದು ಮಿಡ್ಲ್ ಸ್ಕೂಲ್ ಮುಚ್ಚಲು ನಿರ್ಧರಿಸಿತು. ಪ್ರಾಸ್ಪರ್ ಕಡೆ ಇದರ ತದ್ವಿರುದ್ಧ: ಶಾಲೆ ಕಟ್ಟಿದಷ್ಟೂ ತುಂಬುತ್ತದೆ, ಹೊಸ ಶಾಲೆ ತೆರೆದಾಗಲೆಲ್ಲ ಗಡಿ ಬದಲಾಗುತ್ತದೆ. ‘ಎದುರಿಗೇ ಶಾಲೆ’ ಎಂದು ಹೆಚ್ಚು ದುಡ್ಡು ಕೊಟ್ಟು ಮನೆ ಕೊಂಡರೆ, ಮಗು ಮೂರನೇ ಗ್ರೇಡಿಗೆ ಬರುವಷ್ಟರಲ್ಲಿ ಬೇರೆ ಶಾಲೆಗೆ ಹೋಗಬೇಕಾದೀತು. ಡಿಸ್ಟ್ರಿಕ್ಟ್ ತರಿಸಿಕೊಳ್ಳುವ ಡೆಮೋಗ್ರಾಫರ್ (ಮುಂದೆ ಮಕ್ಕಳೆಷ್ಟಾಗಬಹುದೆಂದು ಅಂದಾಜಿಸುವ ತಜ್ಞ) ವರದಿ ಮಂಡಳಿ ಸಭೆಯ ಕಾಗದಪತ್ರಗಳ ಜೊತೆ ಸಿಗುತ್ತದೆ. ನಿಮ್ಮ ಶಾಲೆಯ ಸಾಲಿನಲ್ಲಿ ಸಾಮರ್ಥ್ಯ ಎಷ್ಟು, ಐದು ವರ್ಷದ ಅಂದಾಜು ಎಷ್ಟು ಎಂದು ಹೋಲಿಸಿ. ತೀರಾ ಖಾಲಿಯಾದರೂ ಕಷ್ಟ, ತೀರಾ ತುಂಬಿದರೂ ಕಷ್ಟ.

ಹೈಸ್ಕೂಲಿನ ಗಾತ್ರವನ್ನೂ ಮರೆಯಬೇಡಿ. ಫ್ರಿಸ್ಕೋ ಐಎಸ್‌ಡಿ ಚಿಕ್ಕ ಹೈಸ್ಕೂಲ್‌ಗಳ ನೀತಿಯಿಂದ ಹನ್ನೆರಡನ್ನು ಕಟ್ಟಿಕೊಂಡಿದೆ; ಪ್ಲೇನೋದಲ್ಲಿ 9, 10ನೇ ಗ್ರೇಡ್ ಒಂದು ಕಡೆ, 11, 12 ಇನ್ನೊಂದು ಕಡೆ. ಇದು ಬ್ಯಾಂಡ್, ಆಟದ ತಂಡಗಳ ಪ್ರಶ್ನೆ ಮಾತ್ರವಲ್ಲ. ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳು ತಮ್ಮ ಹೈಸ್ಕೂಲಿನ ಮೊದಲ ಶೇ. 10ರಲ್ಲಿರುವವರಿಗೆ ನೇರ ಪ್ರವೇಶ ಕೊಡುತ್ತವೆ. ಯುಟಿ ಆಸ್ಟಿನ್‌ನಲ್ಲಿ 2026ರಿಂದ ಅದು ಶೇ. 5. ಐನೂರು ಮಕ್ಕಳ ಬ್ಯಾಚಿನಲ್ಲಿ ಇಪ್ಪತ್ತೈದೇ ಜನ. ನಮ್ಮವರೆಲ್ಲ ಮುಗಿಬಿದ್ದ ಶಾಲೆಯಲ್ಲಿ ಆ ಇಪ್ಪತ್ತೈದರೊಳಗೆ ಬರುವುದು ಎಷ್ಟು ಕಷ್ಟ, ನೀವೇ ಯೋಚಿಸಿ. ಅದೂ ಪ್ರವೇಶಕ್ಕಷ್ಟೇ, ಕಂಪ್ಯೂಟರ್ ಸೈನ್ಸ್ ಸೀಟಿಗೆ ಖಾತ್ರಿಯಿಲ್ಲ.

ತೆರಿಗೆ: 5 ಲಕ್ಷ ಡಾಲರಿನ ಮನೆ ಎಂದಿಟ್ಟುಕೊಳ್ಳಿ. ಸ್ವಂತ ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ 1.4 ಲಕ್ಷ ಕಳೆದರೆ ಉಳಿದದ್ದು 3.6 ಲಕ್ಷ. ನೂರು ಡಾಲರಿಗೆ 1.05 ದರವಿದ್ದರೆ ಶಾಲಾ ತೆರಿಗೆ 3,780, 1.25 ಇದ್ದರೆ 4,500. ಹೊಸ ಬಡಾವಣೆಯಾದರೆ ಮಡ್ (ನೀರು, ಚರಂಡಿ ವ್ಯವಸ್ಥೆಗಾಗಿ ಇರುವ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ತೆರಿಗೆ ಇದೆಯೇ ಎಂದು ಬೇರೆಯಾಗಿ ವಿಚಾರಿಸಿ, ಅದು ಇದರ ಮೇಲೆ. ಶಾಲೆಗೆ ಎರಡು ಮೈಲಿಗಿಂತ ಹತ್ತಿರವಿದ್ದರೆ ಸಾಮಾನ್ಯವಾಗಿ ಬಸ್ಸೂ ಇರುವುದಿಲ್ಲ.

ಮಗುವನ್ನು ಸೇರಿಸುವಾಗ ಬಾಡಿಗೆ ಕರಾರು ಅಥವಾ ಮನೆಯ ಪತ್ರ, ಕರೆಂಟ್ ಬಿಲ್, ಜನನ ಪ್ರಮಾಣಪತ್ರ ಬೇಕು. ವೀಸಾ ಕಾರಣಕ್ಕೆ ಶಾಲೆ ಮಗುವನ್ನು ತಿರಸ್ಕರಿಸುವಂತಿಲ್ಲ. ಟೆಕ್ಸಸ್‌ನಿಂದಲೇ ಹೋದ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಡವುವುದು ಲಸಿಕೆಯಲ್ಲಿ. ಊರಲ್ಲಿ ಒಂಬತ್ತು ತಿಂಗಳಿಗೆ ಹಾಕಿಸಿದ ದಡಾರ ಲಸಿಕೆ ಇಲ್ಲಿ ಲೆಕ್ಕಕ್ಕಿಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಮೊದಲ ಡೋಸ್ ವರ್ಷ ತುಂಬಿದ ಮೇಲೆಯೇ ಇರಬೇಕು. ಸರ್ಕಾರಿ ಆಸ್ಪತ್ರೆಯ ಎಂಆರ್‌ನಲ್ಲಿ ಮಂಗನಬಾವಿನ ಭಾಗವೇ ಇಲ್ಲ. ವೇರಿಸೆಲ್ಲಾ (ಚಿಕನ್‌ಪಾಕ್ಸ್) ಎರಡು, ಹೆಪಟೈಟಿಸ್ ಎ ಎರಡು ಡೋಸ್ ಬೇಕು. ಹೆಪಟೈಟಿಸ್ ಎ ಡೋಸ್‌ಗಳ ನಡುವೆ ಆರು ತಿಂಗಳು. ಕಾರ್ಡಿನಲ್ಲಿ 05/08 ಎಂದಿದ್ದರೆ ಇಲ್ಲಿನ ನರ್ಸ್ ಅದನ್ನು ಮೇ 8 ಎಂದು ಓದುತ್ತಾರೆ. ಹೊರಡುವ ಮುನ್ನ ಊರಿನ ಡಾಕ್ಟರಿಂದ ತಿಂಗಳ ಹೆಸರು ಅಕ್ಷರದಲ್ಲಿ ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ.

ಫಾರ್ಮಿನಲ್ಲಿ ಮನೆಭಾಷೆ ಕೇಳಿದಾಗ ಕನ್ನಡ ಎಂದು ಬರೆಯಲು ಹೆದರಬೇಡಿ. ಮಗುವಿಗೆ ನಾಲ್ಕು ವಾರದೊಳಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಅಷ್ಟೇ. ಅಂಕ ಕಡಿಮೆಯಾದರೆ ಹೆಚ್ಚುವರಿ ಪಾಠ. ಬೇಡವೆಂದರೆ ನೀವು ಲಿಖಿತವಾಗಿ ನಿರಾಕರಿಸಬಹುದು. ಆಗಲೂ ಇಂಗ್ಲಿಷ್ ಎಷ್ಟು ಬಂದಿದೆ ಎಂದು ಅಳೆಯುವ ಟೆಲ್ಪಾಸ್ ಪರೀಕ್ಷೆ ಮಾತ್ರ ಪ್ರತಿ ವಸಂತದಲ್ಲಿ ಬರೆಯಲೇಬೇಕು.