ರೋಜರ್ ಶರ್ಮನ್ ಬದುಕನ್ನು ಓದೋದು ಹೇಗೆ?

ಅಮೆರಿಕ ಕಟ್ಟಿದವರ ಬಗ್ಗೆ ಓದೋಕೆ ಹೊರಟವರು ಸಾಮಾನ್ಯವಾಗಿ ವಾಷಿಂಗ್ಟನ್, ಜೆಫರ್ಸನ್ ಹತ್ತಿರವೇ ನಿಂತುಬಿಡುತ್ತಾರೆ. ನನ್ನ ಕೇಳಿದರೆ ರೋಜರ್ ಶರ್ಮನ್‌ನಿಂದ ಶುರು ಮಾಡಿ. 1774ರ ಕಾಂಟಿನೆಂಟಲ್ ಅಸೋಸಿಯೇಷನ್ (ಬ್ರಿಟಿಷ್ ಸರಕು ಬಹಿಷ್ಕರಿಸುವ ವಸಾಹತುಗಳ ಒಪ್ಪಂದ), 1776ರ ಸ್ವಾತಂತ್ರ್ಯ ಘೋಷಣೆ, ಆಮೇಲೆ ಬಂದ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ (ದೇಶದ ಮೊದಲ ಸಂವಿಧಾನ), 1787ರ ಸಂವಿಧಾನ, ಈ ನಾಲ್ಕಕ್ಕೂ ಸಹಿ ಹಾಕಿದ್ದು ಈತ ಒಬ್ಬನೇ. ದೊಡ್ಡ ಭಾಷಣಕಾರ ಅಲ್ಲ, ನೆನಪಲ್ಲಿ ಉಳಿಯುವಂಥ ಮಾತುಗಳೂ ಕಡಿಮೆ. ಹಾಗಾಗಿ ಆತ ಏನು ಹೇಳಿದ ಅನ್ನೋದಕ್ಕಿಂತ ಯಾವತ್ತು ಯಾವುದರ ಪರ ನಿಂತ ಅನ್ನೋದನ್ನ ಹಿಡಿದು ಓದಬೇಕು.

ಜೀವನಚರಿತ್ರೆ ತೆಗೆಯೋ ಮುಂಚೆ ಒಂದು ಹಾಳೆಯಲ್ಲಿ ಆ ಕಾಲದ ಸರ್ಕಾರಗಳನ್ನ ಬರೆದುಕೊಳ್ಳಿ. 1774ರಲ್ಲಿ ಸೇರಿದ ಕಾಂಗ್ರೆಸ್ಸಿನಲ್ಲಿ, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆಯಲ್ಲಿ, ವಸಾಹತಿಗೆ ಒಂದು ವೋಟು. 1781ರ ಮಾರ್ಚ್ 1ಕ್ಕೆ ಆರ್ಟಿಕಲ್ಸ್ ಜಾರಿಗೆ ಬಂದ ಮೇಲೂ ರಾಜ್ಯಕ್ಕೆ ಒಂದೇ ವೋಟು, ತೆರಿಗೆ ಹಾಕುವ ಅಧಿಕಾರವೂ ಇಲ್ಲ. 1789ರಲ್ಲಿ ಶುರುವಾದ ಕಾಂಗ್ರೆಸ್ ಬೇರೆಯದೇ: ಎರಡು ಸದನ, ತೆರಿಗೆಯ ಅಧಿಕಾರ, ಮೇಲ್ಮನೆಯ ಸೆನೆಟರುಗಳನ್ನ ಆಗ ಆರಿಸುತ್ತಿದ್ದದ್ದು ರಾಜ್ಯದ ಶಾಸನಸಭೆ. ಶರ್ಮನ್ ಈ ಎಲ್ಲದರಲ್ಲೂ ಕೂತಿದ್ದ. ಈ ಹಾಳೆ ಪಕ್ಕದಲ್ಲಿ ಇಲ್ಲದಿದ್ದರೆ ಹತ್ತು ಪುಟ ಓದೋಷ್ಟರಲ್ಲಿ ಎಲ್ಲ ಕಲಸಿಹೋಗುತ್ತೆ.

ಆಮೇಲೆ ಆತನ ಕೆಲಸಗಳನ್ನ ನೋಡಿ, ಪದವಿಗಳನ್ನಲ್ಲ. ಹುಟ್ಟಿದ್ದು 1721ರಲ್ಲಿ, ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಕಲಿತ ಕಸುಬು ಚಪ್ಪಲಿ ಹೊಲಿಯೋದು. 1743ರಲ್ಲಿ ಕನೆಕ್ಟಿಕಟ್‌ನ ನ್ಯೂ ಮಿಲ್‌ಫರ್ಡ್‌ಗೆ ಹೋದ, ಅಣ್ಣನ ಜೊತೆ ಅಂಗಡಿ ನಡೆಸಿದ, ಜಮೀನು ಅಳೆಯುವ ಸರ್ವೆಯರ್ ಆದ, ಪಂಚಾಂಗ ಅಚ್ಚು ಹಾಕಿಸಿದ, 1754ರಲ್ಲಿ ವಕೀಲನಾದ. ಇದನ್ನ ಸುಮ್ನೆ ಓದಿ ದಾಟಬೇಡಿ, ಮುಂದಿನ ರಾಜಕೀಯದ ಬೇರು ಇಲ್ಲೇ ಇದೆ. 1752ರಲ್ಲಿ ಆತ ಬೆಲೆ ಇಳಿಯುತ್ತಲೇ ಇರುವ ಕಾಗದದ ಹಣದ ವಿರುದ್ಧ ಒಂದು ಕಿರುಪುಸ್ತಕ ಬರೆದ. ಸಾಲ ಕೊಟ್ಟ ಅಂಗಡಿಯವನಿಗೆ ಪಕ್ಕದ ವಸಾಹತಿನ ಸವಕಲು ನೋಟು ಬಂದರೆ ಅದು ಅನ್ಯಾಯ ಅನ್ನೋದು ವಾದ. ಈಗ ನೇರವಾಗಿ 1787ರ ಆಗಸ್ಟ್ 28ಕ್ಕೆ ಬನ್ನಿ. ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ರಾಜ್ಯಗಳು ಕಾಗದದ ಹಣ ಹೊರಡಿಸಲೇಬಾರದು ಅಂತ ಪೆನ್ಸಿಲ್ವೇನಿಯಾದ ಪ್ರತಿನಿಧಿ ಜೇಮ್ಸ್ ವಿಲ್ಸನ್ ಜೊತೆ ಸೇರಿ ಸೂಚನೆ ಮಂಡಿಸಿದ್ದು ಇದೇ ಶರ್ಮನ್. 35 ವರ್ಷದ ಹಿಂದಿನ ಅಂಗಡಿ ಲೆಕ್ಕ ಸಂವಿಧಾನದ ಸಾಲಾಯಿತು!

ಸಂವಿಧಾನ ಸಭೆಯ ಭಾಗಕ್ಕೆ ಜಾಸ್ತಿ ಸಮಯ ಕೊಡಿ. ಅಲ್ಲಿ ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ದಿನದಿನವೂ ಬರೆದುಕೊಂಡ ಟಿಪ್ಪಣಿಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೂರ್ತಿ ಓದೋಕೆ ಹೋದರೆ ಸುಸ್ತಾಗುತ್ತೆ, ತಾರೀಕು ಹಿಡಿದು ಓದಿ. ಜೂನ್ 11: ಕೆಳಮನೆಯಲ್ಲಿ ಜನಸಂಖ್ಯೆಯ ಮೇಲೆ ಸೀಟು, ಮೇಲ್ಮನೆಯಲ್ಲಿ ಪ್ರತಿ ರಾಜ್ಯಕ್ಕೂ ಒಂದು ವೋಟು ಅಂತ ಶರ್ಮನ್ ಹೇಳುತ್ತಾನೆ. ಮೇಲ್ಮನೆಯ ಮಾತು 6-5ರಲ್ಲಿ ಬಿದ್ದುಹೋಗುತ್ತೆ (ಸಭೆಯಲ್ಲೂ ರಾಜ್ಯಕ್ಕೆ ಒಂದೇ ವೋಟು). ಜುಲೈ 16: ರಾಜ್ಯಗಳಿಗೆ ಸಮಾನ ವೋಟಿನ ರಾಜಿ 5-4ರಲ್ಲಿ ಗೆಲ್ಲುತ್ತೆ, ಮ್ಯಾಸಚೂಸೆಟ್ಸ್‌ನವರು ಎರಡು ಪಾಲಾಗಿ ಅವರ ವೋಟು ಲೆಕ್ಕಕ್ಕೆ ಬರಲಿಲ್ಲ. ಇವತ್ತಿನ ಅಮೆರಿಕದ ಎರಡು ಸದನಗಳು ನಿಂತಿರೋದು ಆ ಒಂದು ವೋಟಿನ ಅಂತರದ ಮೇಲೆ, ಯೋಚನೆ ಮಾಡಿ.

ಆಗಸ್ಟ್ 22ನ್ನ ಬಿಟ್ಟು ಮುಂದೆ ಹೋಗಬೇಡಿ. ಗುಲಾಮರ ಸಾಗಾಟದ ಚರ್ಚೆ ಅವತ್ತಿನದು. ಆ ವ್ಯಾಪಾರ ತನಗೆ ಇಷ್ಟವಿಲ್ಲ ಅನ್ನುವ ಶರ್ಮನ್, ದಕ್ಷಿಣದ ರಾಜ್ಯಗಳನ್ನ ಕಳೆದುಕೊಳ್ಳೋದಕ್ಕಿಂತ ಅವರಿಗೆ ಅದನ್ನ ಬಿಟ್ಟುಕೊಡೋದೇ ವಾಸಿ ಅನ್ನುತ್ತಾನೆ. ಹಾಗೆ ತರಿಸುವ ಗುಲಾಮರ ಮೇಲೆ ತೆರಿಗೆ ಬೇಡ, ಹಾಕಿದರೆ ಮನುಷ್ಯರನ್ನ ಆಸ್ತಿ ಅಂತ ಒಪ್ಪಿದ ಹಾಗೆ ಅಂತಲೂ ಹೇಳುತ್ತಾನೆ. ಎರಡನ್ನೂ ಜೊತೆಗೇ ಓದಿ. ಅದೇ ರಾಜಿಯ ಗುಣ ಜುಲೈನಲ್ಲಿ ದೇಶವನ್ನ ಉಳಿಸಿತು, ಇಲ್ಲಿ ಲಕ್ಷಾಂತರ ಜನರ ಬದುಕನ್ನ ಬಲಿ ಕೊಟ್ಟಿತು. ಇದನ್ನ ಮುಚ್ಚಿಡುವ ಜೀವನಚರಿತ್ರೆಯನ್ನ ನಂಬಬೇಡಿ.

ಕೊನೆಯ ವರ್ಷಗಳಿಗೆ ಸಂವಿಧಾನದ ಪ್ರತಿ ಇಟ್ಟುಕೊಂಡರೆ ಸಾಕು. 1789ರಲ್ಲಿ ಮ್ಯಾಡಿಸನ್‌ಗೆ ತಿದ್ದುಪಡಿಗಳನ್ನ ಮೂಲ ಪಠ್ಯದ ಒಳಗೇ ಸೇರಿಸುವ ಆಸೆ. ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿದ್ದ ಶರ್ಮನ್ ಒಪ್ಪಲಿಲ್ಲ: ಮೂಲವನ್ನ ಮುಟ್ಟಬೇಡಿ, ಕೊನೆಯಲ್ಲಿ ಬೇರೆಯಾಗಿ ಸೇರಿಸಿ ಅಂದ. ಹಾಗೇ ಆಯಿತು. ಮುಂದೆ 1791ರಿಂದ ಸೆನೆಟರ್, ಜೊತೆಗೆ 1784ರಿಂದಲೂ ನ್ಯೂ ಹೇವನ್ ಮೇಯರ್. 1793ರ ಜುಲೈನಲ್ಲಿ ತೀರಿಕೊಂಡಾಗ ಎರಡೂ ಹುದ್ದೆಯಲ್ಲಿದ್ದ.

ಇದು ಮುಗಿದ ಮೇಲೆ ಪೆನ್ಸಿಲ್ವೇನಿಯಾದ ರಾಬರ್ಟ್ ಮಾರಿಸ್‌ನನ್ನ ಹೀಗೇ ಓದಿ. ಘೋಷಣೆ, ಆರ್ಟಿಕಲ್ಸ್, ಸಂವಿಧಾನ ಮೂರಕ್ಕೂ ಆತನ ಸಹಿ ಇದೆ. ಆದರೆ 1798ರಿಂದ 1801ರವರೆಗೆ ಇದ್ದದ್ದು ಸಾಲಗಾರರ ಜೈಲಿನಲ್ಲಿ, ಹಾಗಾಗಿ ಅಲ್ಲಿ ವೋಟುಗಳಿಗಿಂತ ಸಾಲ, ಜಮೀನಿನ ಕಾಗದಪತ್ರಗಳನ್ನ ಮೊದಲು ನೋಡಬೇಕು.