ವೇಗವರ್ಧಕದ ಲೆಕ್ಕ: ಉತ್ತರ ಗೊತ್ತಿದ್ದ ಮೇಲ್ಮೈಯಿಂದ ಶುರುಮಾಡಿದ್ದು

ವೇಗವರ್ಧಕದ ಮೇಲೆ ಅಣುಗಳು ಹೇಗೆ ಅಂಟಿ ಮುರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ಹೊಸ ವೇಗವರ್ಧಕದ ಗೋಜಿಗೆ ಹೋಗದೆ ಪ್ಲಾಟಿನಂ 111 ಮೇಲ್ಮೈಯನ್ನು (ಹರಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದಾಗ ಸಿಗುವ ಮುಖ) ಹಿಡಿದೆ. ಅದರ ಉತ್ತರಗಳು ಮೊದಲೇ ಗೊತ್ತಿದ್ದವು, ಹಾಗಾಗಿ ತಪ್ಪಿದರೆ ತಿಳಿಯುತ್ತಿತ್ತು. ಪ್ಲಾಟಿನಂನ ಲ್ಯಾಟಿಸ್ ಅಳತೆ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಘನದ ಬದಿಯ ಉದ್ದ) ಪ್ರಯೋಗದಲ್ಲಿ 3.92 ಆಂಗ್‌ಸ್ಟ್ರಾಮ್, ಪಿಬಿಇ ಫಂಕ್ಷನಲ್‌ನಲ್ಲಿ (ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಅಂದಾಜಿಸುವ ಒಂದು ಸೂತ್ರ) ಸುಮಾರು 3.97. ಸ್ಲ್ಯಾಬ್ (ಮೇಲ್ಮೈಯ ಮಾದರಿಯಾದ ತೆಳು ಲೋಹದ ಹಾಳೆ) ಕಟ್ಟಲು ಎರಡನೆಯದನ್ನೇ ಬಳಸಬೇಕು. ಇಲ್ಲದಿದ್ದರೆ ಲೋಹವನ್ನು ಹಿಂಡಿಟ್ಟು ಲೆಕ್ಕ ಹಾಕಿದಂತಾಗುತ್ತದೆ.

ನಾಲ್ಕು ಪದರ ಇಟ್ಟು ಕೆಳಗಿನ ಎರಡನ್ನು ಕದಲದಂತೆ ಹಿಡಿದೆ, ಮೇಲೆ 15 ಆಂಗ್‌ಸ್ಟ್ರಾಮ್ ನಿರ್ವಾತ ಬಿಟ್ಟೆ. ಅಣು ಒಂದೇ ಬದಿಗೆ ಅಂಟಿದ್ದರೆ ಎರಡು ಬದಿಗಳ ವಿದ್ಯುತ್ ಅಸಮತೋಲನವನ್ನು ಸರಿಪಡಿಸುವ ಡೈಪೋಲ್ ತಿದ್ದುಪಡಿ ಬೇಕು. ಲೆಕ್ಕದ ಸೂಕ್ಷ್ಮತೆ ನಿರ್ಧರಿಸುವ ಕಟ್‌ಆಫ್, ಕೆ-ಪಾಯಿಂಟ್ ಏರಿಸುತ್ತಾ ಹೋಗುವಾಗ ನೋಡಬೇಕಾದದ್ದು ಒಟ್ಟು ಶಕ್ತಿಯನ್ನಲ್ಲ, ಅಂಟುವ ಶಕ್ತಿಯನ್ನು. ಅದರ ಬದಲಾವಣೆ 0.02 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿಳಿದರೆ ನಿಲ್ಲಿಸಬಹುದು.

ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ ಪರಮಾಣುವಿನ ನೆತ್ತಿಯ ಮೇಲೆ ಕೂರುತ್ತದೆ ಎನ್ನುತ್ತದೆ ಪ್ರಯೋಗ. ಪಿಬಿಇ ಮಾತ್ರ ಮೂರು ಪರಮಾಣುಗಳ ನಡುವಿನ ಕುಳಿಯನ್ನು ತೋರಿಸುತ್ತದೆ. ಇದು ಇನ್‌ಪುಟ್ ಕಡತದ ತಪ್ಪಲ್ಲ. ಈ ಫಂಕ್ಷನಲ್‌ನಲ್ಲಿ ಅಣುವಿನ ಖಾಲಿ ಆರ್ಬಿಟಲ್ ಶಕ್ತಿಯಲ್ಲಿ ಇರಬೇಕಾದದ್ದಕ್ಕಿಂತ ಕೆಳಗಿರುವುದರಿಂದ ಲೋಹದ ಎಲೆಕ್ಟ್ರಾನುಗಳು ಅತಿಯಾಗಿ ಅದಕ್ಕೆ ಹರಿಯುತ್ತವೆ.

ಹೆಚ್ಚು ದಿನ ತಿಂದದ್ದು ಟ್ರಾನ್ಸಿಷನ್ ಸ್ಟೇಟ್, ಅಂದರೆ ಕ್ರಿಯೆಯ ದಾರಿಯಲ್ಲಿ ಶಕ್ತಿ ಅತಿ ಹೆಚ್ಚಿರುವ ತುದಿಯ ಹುಡುಕಾಟ. ಆರಂಭ, ಅಂತ್ಯ ಎರಡೂ ಕಡತಗಳಲ್ಲಿ ಪರಮಾಣುಗಳ ಕ್ರಮ ಒಂದೇ ಇರಬೇಕು. ಎರಡು ಹೈಡ್ರೋಜನ್ ಸಾಲು ಅದಲುಬದಲಾದರೂ ದಾರಿಯಲ್ಲಿ ಅವು ಒಂದನ್ನೊಂದು ದಾಟಲು ಹೋಗಿ ಶಕ್ತಿಯ ತಡೆಗೋಡೆ ವಿಪರೀತ ಎತ್ತರ ಬರುತ್ತದೆ. ನೇರ ಗೆರೆಯಲ್ಲಿ ನಡುವಿನ ಚಿತ್ರಗಳನ್ನು (ದಾರಿಯ ಹಂತಗಳ ಪರಮಾಣು ಜೋಡಣೆಗಳನ್ನು) ಮಾಡಿದರೆ ಪರಮಾಣುಗಳು ಒಂದರ ಮೇಲೊಂದು ಬೀಳಬಹುದು, ಓಡಿಸುವ ಮುಂಚೆ ಒಂದೊಂದನ್ನೂ ತೆರೆದು ನೋಡಬೇಕು. ಐದರಿಂದ ಏಳು ಚಿತ್ರ ಸಾಕು. ಮೊದಲು ಆ ಚಿತ್ರಗಳನ್ನು ಸರಪಳಿಯಂತೆ ಜೋಡಿಸಿ ದಾರಿ ಹುಡುಕುವ ಸಾದಾ ಎನ್‌ಇಬಿ, ಪರಮಾಣುಗಳ ಮೇಲಿನ ಬಲಗಳು ತಗ್ಗಿದ ಮೇಲೆ ಅತಿ ಎತ್ತರದ ಚಿತ್ರವನ್ನು ತುದಿಗೇರಿಸುವ ಕ್ಲೈಂಬಿಂಗ್ ಇಮೇಜ್, ಬಲ ಪ್ರತಿ ಆಂಗ್‌ಸ್ಟ್ರಾಮ್‌ಗೆ 0.05 ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯುವವರೆಗೆ.

ಆಮೇಲೆ ಕಂಪನದ ಲೆಕ್ಕ. ಕಾಲ್ಪನಿಕ ಆವರ್ತನ (ಆ ದಿಕ್ಕಿನಲ್ಲಿ ಅಲುಗಿದರೆ ಶಕ್ತಿ ಇಳಿಯುತ್ತದೆ ಎಂಬ ಗುರುತು) ಒಂದೇ ಇರಬೇಕು, ಆ ಕಂಪನ ಮುರಿಯುತ್ತಿರುವ ಬಂಧದ ಉದ್ದಕ್ಕೇ ಇರಬೇಕು. ಎರಡನೆಯದೊಂದು ಚಿಕ್ಕದು ಇಣುಕಿದರೆ ಎಲೆಕ್ಟ್ರಾನಿಕ್ ಒಮ್ಮುಖತೆಯ ಮಿತಿ (ಲೆಕ್ಕ ಎಷ್ಟು ಸ್ಥಿರವಾದ ಮೇಲೆ ನಿಲ್ಲಬೇಕು ಎಂಬುದು) ಬಿಗಿಮಾಡಿ ಮತ್ತೆ ಓಡಿಸುತ್ತೇನೆ. ಅನೇಕ ಸಲ ಅದು ಬರೀ ಸಂಖ್ಯಾ ಗದ್ದಲ.

ಎಂಟ್ರೊಪಿಯನ್ನು (ಅನಿಲದಲ್ಲಿ ಅಣುವಿಗಿರುವ ಅಡ್ಡಾಟದ ಸ್ವಾತಂತ್ರ್ಯದ ಅಳತೆ) ಮರೆತರೆ ಎಲ್ಲ ಅಣುಗಳೂ ಗಟ್ಟಿಯಾಗಿ ಅಂಟುವಂತೆ ಕಾಣುತ್ತದೆ: 298 ಕೆಲ್ವಿನ್‌ನಲ್ಲಿ, ಒಂದು ಬಾರ್ ಒತ್ತಡದಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೇ ಅದರ ಪಾಲು 0.61 ಎಲೆಕ್ಟ್ರಾನ್ ವೋಲ್ಟ್. ಅದೇ ತಾಪಮಾನದಲ್ಲಿ ತಡೆಗೋಡೆ 0.06 ತಪ್ಪಿದರೆ ವೇಗ ಹತ್ತು ಪಟ್ಟು ತಪ್ಪುತ್ತದೆ. ಫಂಕ್ಷನಲ್‌ನ ದೋಷವೇ ಅದಕ್ಕಿಂತ ದೊಡ್ಡದಿರುವುದರಿಂದ, ಒಂದು ಲೋಹದ ವೇಗವನ್ನು ಬಿಡಿಯಾಗಿ ನಂಬದೆ ಒಂದೇ ಸೆಟ್ಟಿಂಗ್‌ನಲ್ಲಿ ಹಲವು ಲೋಹಗಳನ್ನು ಓಡಿಸಿ ಹೋಲಿಸುತ್ತೇನೆ.